ಏಳನೆಯ ಸಂಪುಟವನ್ನು ಅವಳು ಓದಲಿಲ್ಲ

ಮೊದಲ ಪುಟದಲ್ಲಿಯೇ ಒಬ್ಬಳು ತನ್ನ ಗೆಳತಿಗೆ ದ್ರೋಹ ಬಗೆದಿದ್ದಳು. ಗುರುಕುಲದ ಬಾಗಿಲು ಮುಚ್ಚಿತ್ತು. ಮೋಸಹೋದವಳು ಹೊರಗೆ ಹಿಮದಲ್ಲಿ ನಿಂತಿದ್ದಳು. ಪುಟ ತಿರುವುತ್ತ ಹೋದಂತೆ ಇಬ್ಬರೂ ಮಾತನಾಡತೊಡಗಿದರು, ಒಂದೇ ತಟ್ಟೆಯಲ್ಲಿ ಉಂಡರು, ಕೊನೆಯ ಪುಟದಲ್ಲಿ ಕೈ ಹಿಡಿದು ನಕ್ಕರು. ನನಗೆ ಬಹಳ ಸಮಾಧಾನವಾಯಿತು. ದ್ರೋಹದಿಂದ ಕ್ಷಮೆಗೆ ಇಷ್ಟೇ ದೂರವೇ?

"ಮೇಡಂ, ನೀವು ಹಿಂದಿಂದ ಓದೀರಿ," ಎಂದಳು ಮುಬೀನಾ.

ಅದು ಅವಳು ತಂದಿದ್ದ ಜಪಾನಿನ ಚಿತ್ರಕಥೆಯ ಮೊದಲ ಸಂಪುಟ, ಇಂಥದನ್ನು ಅವರು ಮಾಂಗಾ ಎನ್ನುತ್ತಾರೆ. ಇಂಗ್ಲಿಷಿಗೆ ಬಂದ ಮೇಲೂ ಅದನ್ನು ಬಲದಿಂದ ಎಡಕ್ಕೇ ಓದಬೇಕಂತೆ. ನಾನು ಎಡದಿಂದ ಓದಿದ್ದೆ. (ಮಾತುಗಳು ಅಲ್ಲಲ್ಲಿ ತಾಳೆಯಾಗಲಿಲ್ಲ, ನಿಜ. ಜಪಾನಿನವರು ಹಾಗೆಯೇ ಮಾತನಾಡುತ್ತಾರೇನೋ ಎಂದುಕೊಂಡಿದ್ದೆ.) ಕೊನೆಯಲ್ಲಿ ನಾನು ಕಂಡದ್ದು ಕ್ಷಮೆಯಲ್ಲ. ದ್ರೋಹಕ್ಕಿಂತ ಮೊದಲಿನ ಗೆಳೆತನ.

"ನಮ್ಮ ದಾದಿ, ಅಬ್ಬಾನ ಅವ್ವ, ಆಕಿ ಕೈಯಾಗ ಕೊಟ್ರೂ ಬರಾಬರ್ ತೆಗೀತಾಳ್ರಿ. ಉರ್ದು ಓದಾಕಿ. ಡಿಬೇಟ್ ಮೇಡಂ ಅಷ್ಟ ಉಲ್ಟಾ ಹಿಡದ್ರು," ಎಂದಳು. ಉಳಿದ ಐವರು ಹುಡುಗಿಯರು ನಕ್ಕರು. ನಾನೂ ನಕ್ಕೆ.

ನನ್ನ ಭಾನುವಾರಗಳು ಹೀಗೆ. ಹಾನಗಲ್ಲಿನಿಂದ ಬಸ್ಸು ಹಿಡಿದು ಸವಣೂರಿಗೆ ಹೋಗಿ, ಒಂದು ಬಾಡಿಗೆ ಕೋಣೆಯಲ್ಲಿ ಪಿಯುಸಿ ಓದುವ ಆರು ಹುಡುಗಿಯರಿಗೆ ಚರ್ಚೆ ಕಲಿಸುತ್ತೇನೆ. ಕಾಲೇಜು ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಪಾರಿತೋಷಕಗಳು ಮನೆಯ ಗೂಡಿನಲ್ಲಿವೆ. ಪ್ರಾಮಾಣಿಕವಾಗಿ ವಾದಿಸಿದರೆ ಒಪ್ಪದ ಮನುಷ್ಯನೇ ಇಲ್ಲ ಎಂದು ನಂಬಿ ಬಂದವಳು ನಾನು.

ಆ ನಗುವಿನ ನಂತರ ಹುಬ್ಬಳ್ಳಿಗೆ ಹೋದಾಗ ಆ ಮಾಂಗಾದ ಏಳೂ ಸಂಪುಟಗಳನ್ನು ಕೊಂಡು ತಂದೆ. ಚರ್ಚೆಗೆ ವಿಷಯವನ್ನೂ ಕೊಟ್ಟೆ: ದ್ರೋಹಕ್ಕೆ ಕ್ಷಮೆ ಉಂಟೇ? ಹುಡುಗಿಯರು ಒಂದೊಂದೇ ಸಂಪುಟವನ್ನು ಸರದಿಯಂತೆ ಮನೆಗೆ ಒಯ್ದರು. ನಾನು ಆರನೆಯದರವರೆಗೆ ಓದಿದೆ, ಈ ಬಾರಿ ಬಲದಿಂದ. ಓದುತ್ತ ಬೆರಗಾದೆ.

ನಮ್ಮ ಮನೆಮಾತಿನಲ್ಲಿ ದ್ರೋಹ ಬಗೆದವರಿಗೆ ಒಂದೇ ಸಾಲು: "ಆಕಿ ಮೊದಲಿಂದ ಹಂಗ." ಮಾಂಗಾ ಅವಳಿಗೆ ಇಡೀ ಎರಡನೆಯ ಸಂಪುಟವನ್ನೇ ಬಿಟ್ಟುಕೊಡುತ್ತದೆ. ಅವಳ ಬಾಲ್ಯ, ಅವಳ ಹೆದರಿಕೆ, ದ್ರೋಹದ ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಂಡ ರೀತಿ. ದ್ವೇಷಿಸಲು ಹೊರಟ ಓದುಗ ಅರ್ಧ ದಾರಿಯಲ್ಲೇ ಸೋಲುತ್ತಾನೆ. ಹಾಗೆಂದು ಕ್ಷಮೆ ಅಗ್ಗವಾಗಿ ಸಿಗುವುದಿಲ್ಲ. ಐದನೆಯ ಸಂಪುಟದಲ್ಲಿ ಇಬ್ಬರೂ ಎದುರಾಗುವ ಆರು ಪುಟಗಳಲ್ಲಿ ಒಂದೂ ಮಾತಿಲ್ಲ. ಕಣ್ಣು, ಕೈ, ಮತ್ತೆ ಕಣ್ಣು. ಯಾರೂ ನಡುವೆ ಬಂದು 'ಹೋಗ್ಲಿ ಬಿಡ್ರಿ' ಎನ್ನುವುದಿಲ್ಲ.

ಚರ್ಚೆಯ ದಿನ ಮುಬೀನಾ ಎದ್ದು ನಿಂತಳು. "ತಪ್ಪು ಮಾಡಿದಾಕಿ ಬಂದು ಬಾಗಲದಾಗ ನಿಂತ್ರ ಮುಗೀಲಿಲ್ರಿ. ಎದುರಿನಾಕಿದು ಏನ್ ಕಳದೈತಿ ಅಂತ ಮೊದಲ ಗೊತ್ತಿರಬೇಕು. ಗೊತ್ತಿಲ್ದನ ಮಾಫಿ ಕೇಳಿದ್ರ ಅದು ಬರೇ ಬಾಯಿಮಾತು."

ಬಹುಮಾನದ ಪೆನ್ನನ್ನು ಅವಳಿಗೇ ಕೊಟ್ಟೆ.

ಅಂದು ಸಂಜೆ ಉಳಿದವರು ಹೋದ ಮೇಲೆ ಅವಳು ಚೀಲದಿಂದ ಒಂದು ಸುರುಳಿ ತೆಗೆದಳು. ಅವಳ ತಂದೆ ಇಸ್ಮಾಯಿಲ್ ಸಾಹೇಬರದು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ. ಬಟ್ಟೆ ಕತ್ತರಿಸುವಾಗ ಅಳತೆಗೆ ಇಟ್ಟುಕೊಳ್ಳುವ ದಪ್ಪ ಖಾಕಿ ಕಾಗದದ ಮೇಲೆ ಮಗಳು ಚೌಕಟ್ಟು ಎಳೆದು ತನ್ನದೇ ಚಿತ್ರಕಥೆ ಬರೆದಿದ್ದಳು. ಸವಣೂರಿನದೇ ಓಣಿ, ಸವಣೂರಿನದೇ ಇಬ್ಬರು ಹುಡುಗಿಯರು. ಅದರಲ್ಲಿ ದ್ರೋಹ ಬಗೆದವಳ ಮುಖವನ್ನು ಅವಳು ಎಷ್ಟು ಪ್ರೀತಿಯಿಂದ ಬರೆದಿದ್ದಳೆಂದರೆ, ನಾನು ಬಹಳ ಹೊತ್ತು ಅದನ್ನೇ ನೋಡಿದೆ.

"ಧಾರವಾಡದಾಗ ಆರ್ಟ್ ಕಾಲೇಜಿಗೆ ಫಾರ್ಮ್ ತುಂಬೇನ್ರಿ," ಎಂದಳು. "ಅಬ್ಬಾಗ ಹೇಳಬ್ಯಾಡ್ರಿ. ಸೀಟ್ ಸಿಕ್ಕಮ್ಯಾಲ ನಾನ ಹೇಳ್ತೇನಿ. ನಂಗ ಅವರ ಮುಂದ ಹೆಂಗ ಮಾತಾಡಬೇಕಂತ ಗೊತ್ತೈತಿ."

ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆ ಮಾತು ನಾಲ್ಕು ದಿನ ಉಳಿಯಿತು.

ಅವಳ ತಂದೆಯ ಅಂಗಡಿಗೆ ಯಾಕೆ ಹೋದೆ? ಮುಚ್ಚುಮರೆಯಿಂದ ಒಳ್ಳೆಯದು ಹುಟ್ಟದು ಎಂಬ ನನ್ನ ಸಿದ್ಧಾಂತಕ್ಕಾಗಿ ಹೋದೆ. ತಂದೆ ಮಗಳ ನಡುವೆ ಸುಳ್ಳಿನ ಪರದೆ ಬೇಡ ಎಂದು ಹೋದೆ. (ಪರದೆ ಅವರದು. ಕಿತ್ತೆಳೆದವಳು ನಾನು.) ಸಾಹೇಬರು ಕೊರಳಲ್ಲಿ ಟೇಪು ಹಾಕಿಕೊಂಡೇ ಎದ್ದು ಬಂದರು. "ಬರ್ರಿ ಮೇಡಂ, ಕುಂಡ್ರಿ," ಎಂದು ಚಹಾ ತರಿಸಿ, ಜೊತೆಗೆ ಒಂದು ತಟ್ಟೆ ಖಾರಾ ಇಟ್ಟರು. ನಾನು ಅರ್ಧ ಗಂಟೆ ಮಾತನಾಡಿದೆ. ಕಲೆಯ ಘನತೆ, ಹೆಣ್ಣುಮಕ್ಕಳ ಆಯ್ಕೆ, ತಂದೆಯ ಹಿರಿತನ. ಒಂದಕ್ಕೂ ಅವರು ಅಡ್ಡ ಮಾತಾಡಲಿಲ್ಲ.

"ನೀವು ಹೇಳಿದ್ದು ಖರೇನ ಐತ್ರಿ. ಒಂದ ಮಾತೂ ಸುಳ್ಳಿಲ್ಲ," ಎಂದರು. ಖಾರಾದ ತಟ್ಟೆಯನ್ನು ನನ್ನತ್ತ ಸರಿಸಿ, "ನನಗ ಹೇಳದ ನಿಮಗ ಹೇಳ್ಯಾಳಲ್ರಿ. ಅದೊಂದ ಚುಚ್ಚತೈತಿ," ಎಂದರು.

ಬಸ್ಸು ಬಂಕಾಪುರ ದಾಟುವವರೆಗೂ ನಾನು ಗೆದ್ದೆನೆಂದೇ ತಿಳಿದಿದ್ದೆ. ಎಲ್ಲವನ್ನೂ ಒಪ್ಪಿಕೊಳ್ಳುವ ಎದುರಾಳಿಯನ್ನು ಸೋಲಿಸುವುದು ಹೇಗೆಂದು ನಮಗೆ ಯಾವ ಕಾಲೇಜಿನಲ್ಲಿ ಕಲಿಸಿದ್ದರು?

ಮುಂದಿನ ಎರಡು ಭಾನುವಾರ ಮುಬೀನಾ ಬರಲಿಲ್ಲ. ಮೂರನೆಯ ಭಾನುವಾರ ಅಂಗಡಿಗೇ ಹೋದೆ.

"ಫಾರ್ಮ್ ವಾಪಸ್ ತಗಿಸಿದ್ನಿರಿ," ಎಂದರು ಸಾಹೇಬರು, ಅದೇ ಮೆತ್ತಗಿನ ದನಿಯಲ್ಲಿ. "ಓದಬ್ಯಾಡ ಅಂದಿಲ್ರಿ ನಾ. ಡಿ.ಫಾರ್ಮಾ ಮಾಡ್ಲಿ. ಹಿರೇಕೆರೂರಾಗ ನಮ್ಮ ಅಕ್ಕನ ಮನಿಯವ್ರದು ಔಷಧ ಅಂಗಡಿ ಐತಿ, ಮುಂದ ಅಲ್ಲೇ ಕುಂಡ್ರಬಹುದು. ಮುಚ್ಚಿಟ್ಟಿದ್ದಕ್ಕ ಆಕಿನ್ನ ಮಾಫ್ ಮಾಡೇನ್ರಿ. ಮನಿಯಾಗ ಆ ಮಾತು ಮುಗೀತು."

ನಮ್ಮ ಕ್ಷಮೆ ಹೀಗೆಯೇ. ಮಾಂಗಾದಲ್ಲಿ ಕ್ಷಮೆಗಾಗಿ ಅಧ್ಯಾಯದ ಮೇಲೆ ಅಧ್ಯಾಯ ತೆರೆಯುತ್ತದೆ. ನಮ್ಮಲ್ಲಿ ಕ್ಷಮಿಸುವುದೆಂದರೆ ಪುಸ್ತಕ ಮುಚ್ಚಿ ಮೇಲಿಡುವುದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನ ಯಾವ ಮನೆಗೆ ಹೋದರೂ ಮೇಲಿಟ್ಟ ಪುಸ್ತಕಗಳೇ. ನಾನಾದರೂ ಇಷ್ಟು ವರ್ಷ ಏನು ಸುಧಾರಿಸಿದೆ?

ಸಾಹೇಬರು ನಮಾಜಿಗೆಂದು ಎದ್ದು ಹೋದರು. ಮುಬೀನಾ ಮೇಜಿನ ಬಳಿ ಕಾಲರಿನ ಅಳತೆಯನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಿದ್ದಳು. ಖಾಕಿ ಕಾಗದ. ಅದರ ಮೇಲೆ ಒಂದು ಕಣ್ಣು, ಅರ್ಧ ತುಟಿ. ನಾನು ಬಹಳ ಹೊತ್ತು ನೋಡಿದ್ದ ಅದೇ ಮುಖ.

"ಯಾರು ಕತ್ತರಿಸಿದ್ರು ಇದನ್ನ?" ಎಂದೆ.

"ನಾನ ರೀ. ಕಾಗದ ದಪ್ಪ ಐತಿ, ಕಾಲರ್ ಬರಾಬರ್ ಬರ್ತೈತಿ."

"ಮುಬೀನಾ, ನನ್ನಿಂದ ತಪ್ಪಾತು."

ಅವಳು ಕತ್ತರಿ ಕೆಳಗಿಟ್ಟಳು. "ನೀವು ಹೇಳಿದ್ದು ನನ್ನ ಒಳ್ಳೇದಕ್ಕ ಹೌದಲ್ರಿ?"

"ಹೌದು."

"ಮತ್ತ ಮಾಫಿ ಯಾಕ ಕೇಳಾಕತ್ತೀರಿ?"

ಮೂರು ಪಾರಿತೋಷಕಗಳ ಒಡತಿ ಎರಡೂ ಪಕ್ಷ ತೂಗಿ ನೋಡಿದಳು. ಒಳ್ಳೆಯದಕ್ಕೆಂದರೆ ತಪ್ಪು ಒಪ್ಪಿದಂತಾಗದು. ತಪ್ಪೆಂದರೆ ಒಳ್ಳೆಯದೆಂಬುದು ಸುಳ್ಳಾಗುತ್ತದೆ. ಪೆನ್ನು ಕೊಟ್ಟು ಮೆಚ್ಚಿದ ಅವಳ ವಾದವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಅವಳದು ಏನು ಕಳೆದಿದೆಯೆಂದು ಆ ಕಾಲರು ನೋಡುವವರೆಗೆ ನನಗೆ ಗೊತ್ತಿತ್ತೇ?

ಮೇಜಿನ ಕೆಳಗಿನಿಂದ ಅವಳು ಏಳನೆಯ ಸಂಪುಟವನ್ನು ತೆಗೆದು ನನ್ನ ಕೈಗಿತ್ತಳು. ಸರದಿಯಲ್ಲಿ ಅವಳ ಬಳಿ ಉಳಿದದ್ದು ಅದೊಂದೇ.

"ಕಡೇದು ಓದಿಲ್ರಿ."

"ಯಾಕ?"

"ಅದರಾಗ ಮಾಫ್ ಮಾಡ್ತಾಳಂತ, ಉಳದವ್ರು ಹೇಳ್ಯಾರ. ಓದಿದ್ರ ನನಗೂ ಮಾಡಬೇಕನಸ್ತೈತಿ."

ಸಂಪುಟ ಈಗ ನನ್ನ ಮೇಜಿನ ಮೇಲಿದೆ. ಎಡದಿಂದ ತೆರೆದರೆ ಮೊದಲ ಪುಟದಲ್ಲಿಯೇ ಕ್ಷಮೆ ಇರುತ್ತದೆ. ಯಾವ ಮುಖ ಇಟ್ಟುಕೊಂಡು ತೆರೆಯಲಿ?