ಕೊಪ್ಪರಿಗೆಯ ಮೊದಲ ನೀರು

ನಮ್ಮ ಯಜಮಾನರು ಜಪಾನಿನಲ್ಲಿ ಎರಡು ದಿನ ಒಂದು ಬಿಸಿನೀರಿನ ಛತ್ರದಲ್ಲಿ ತಂಗಿದ್ದರು. ಆ ಎರಡು ದಿನದ ಕಥೆಯನ್ನು ಮಳವಳ್ಳಿ ಕಡೆಯ ನಮ್ಮ ಹಳ್ಳಿ ವಾರಗಟ್ಟಲೆ ಕೇಳಿತು. ಕೇಳಿದವರೆಲ್ಲ ಗಂಡಸರು, ಜಗಲಿಯ ಮೇಲೆ ಕಾಲು ಚಾಚಿ ಕೂತವರು. ನಾನು ಕೇಳಿದ್ದು ಬಾಗಿಲ ಹಿಂದೆ ನಿಂತು.

ಅವರು ಪಟಾಲಮ್ಮಿನಲ್ಲಿ ಲಾರಿ ಓಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಸೋತ ದೇಶದ ಕಾವಲಿಗೆಂದು ಅವರನ್ನು ಜಪಾನಿಗೆ ಕಳಿಸಿದರು. ನಲವತ್ತೇಳರ ಶಿವರಾತ್ರಿಗೆ ಸ್ವಲ್ಪ ಮುಂಚೆ ಮಂಡ್ಯದಲ್ಲಿ ರೈಲಿಳಿದು, ಬಸ್ಸು ಹಿಡಿದು ಊರಿಗೆ ಬಂದರು. ಬಂದವರ ಬಾಯಲ್ಲಿ ಯುದ್ಧದ ಮಾತೇ ಇಲ್ಲ, ಬರೀ ನೀರಿನ ಮಾತು.

ಆ ಛತ್ರದಲ್ಲಿ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡಬೇಕಂತೆ. ಒಡತಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿ ಬನ್ನಿ ಎನ್ನುತ್ತಾಳಂತೆ. ಉಡಲು ಅವರೇ ಹತ್ತಿಯ ನಿಲುವಂಗಿ ಕೊಡುತ್ತಾರೆ, ಕೂರಲು ಚಾಪೆ, ಕುಡಿಯಲು ಹಾಲಿಲ್ಲದ ಸಕ್ಕರೆಯಿಲ್ಲದ ಟೀ. ಆಮೇಲೆ ನೀರು. ಬೆಟ್ಟದ ಬುಡದಿಂದ ತಾನಾಗಿಯೇ ಬಿಸಿಯಾಗಿ ಉಕ್ಕಿ, ಕಲ್ಲು ಕಟ್ಟಿದ ಕೊಳಕ್ಕೆ ಬೀಳುತ್ತದೆ. ಹೊರಗೆ ಪುಟ್ಟ ಮಣೆಯ ಮೇಲೆ ಕೂತು ಮೈ ಉಜ್ಜಿ, ಕೊಳೆಯೆಲ್ಲ ತೊಳೆದುಕೊಂಡ ಮೇಲೇ ಒಳಗಿಳಿಯಬೇಕು. ಕುತ್ತಿಗೆಮಟ್ಟ ಮುಳುಗಿ ಸುಮ್ಮನೆ ಕೂರಬೇಕು. ಒಬ್ಬರು ಕೂತ ನೀರಿಗೆ ಇನ್ನೊಬ್ಬರು ಇಳಿದರೆ ಮೈಲಿಗೆ ಎಂಬುದಿಲ್ಲ, ಚೆಲ್ಲುವುದೂ ಇಲ್ಲ.

"ಎಮ್ಮೆ ಕೆರೇಲಿ ಬಿದ್ಕೊಂಡಂಗೆ ಅನ್ನು," ಎಂದು ಮಾವ ನಕ್ಕರು. ಜಗಲಿಯೆಲ್ಲ ನಕ್ಕಿತು.

ನಾನು ಬಾಗಿಲ ಹಿಂದಿನಿಂದಲೇ ಕೇಳಿದೆ, "ಆ ಛತ್ರದ ಹೆಂಗಸ್ರು ಯಾವಾಗ ಇಳೀತಾರೆ ನೀರಿಗೆ?"

ನಗು ನಿಂತಿತು. ಯಜಮಾನರು, "ಬಂದೋರೆಲ್ಲ ಆದ್ಮೇಲೆ, ಕೊನೇಗೆ," ಎಂದರು. ಕಡಲು ದಾಟಿ ಹೋದರೂ ಇದೇ ಕಥೆಯೇ ಎಂದುಕೊಂಡು ನಾನು ಒಲೆಯ ಕಡೆ ಹೋದೆ.

ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ಮದ್ದೂರಿನಲ್ಲಿ ಮಿಡ್ಲ್ ಸ್ಕೂಲು ಓದಿ ಈ ಮನೆಗೆ ಕಿರಿಯ ಸೊಸೆಯಾಗಿ ಬಂದವಳು ನಾನು. ಎಣ್ಣೆನೀರಿನ ದಿನ ಬಾವಿಯಿಂದ ಸೇದುವವಳು ನಾನು, ಹಂಡೆ ತುಂಬುವವಳು ನಾನು, ಹೊಗೆ ಕುಡಿದು ಉರಿ ಹಾಕುವವಳೂ ನಾನೇ. ಮೊದಲು ಮಾವ, ಆಮೇಲೆ ಭಾವ, ಯಜಮಾನರು ಇದ್ದರೆ ಯಜಮಾನರು, ಆಮೇಲೆ ಮಕ್ಕಳು, ಅತ್ತೆ, ಓರಗಿತ್ತಿ. ನನ್ನ ಸರದಿ ಬರುವ ಹೊತ್ತಿಗೆ ಹಂಡೆಯ ತಳದಲ್ಲಿ ಬೂದಿ ಬೆರೆತ ಉಗುರು ಬೆಚ್ಚಗಿನ ನೀರು. ತಲೆಯ ಸೀಗೆಪುಡಿ ಕೂಡ ಸರಿಯಾಗಿ ಹೋಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ನಾನು ಸುಡುವ ನೀರನ್ನು ಮೈಮೇಲೆ ಹುಯ್ದುಕೊಂಡಿರಲಿಲ್ಲ. ನಾನು ಬೇರೇನೂ ಕೇಳಿದವಳಲ್ಲ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಬಿಸಿನೀರು ಬೇಕಿತ್ತು.

ಶಿವರಾತ್ರಿ ಕಳೆದ ಮೇಲೆ ಯಜಮಾನರ ತಲೆಗೆ ಹೊಸ ಹುಳ ಹೊಕ್ಕಿತು. ಜಪಾನಿನ ಸ್ನಾನವನ್ನು ಮನೆಯವರಿಗೆಲ್ಲ ಮಾಡಿಸಿ ತೋರಿಸಬೇಕು. ಆ ವರ್ಷದ ಬೆಲ್ಲದ ಕೆಲಸ ಮುಗಿದು ನಮ್ಮ ಆಲೆಮನೆ ಖಾಲಿ ಬಿದ್ದಿತ್ತು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳಲ್ಲಿ ಒಂದು, ಅಂಚು ಸೀಳಿ ಮೂಲೆಗೆ ಸೇರಿತ್ತು. ಇಬ್ಬರು ಆರಾಮಾಗಿ ಕೂರುವಷ್ಟು ಅಗಲ. ಅದನ್ನು ಉಜ್ಜಿಸಿ ಒಲೆಯ ಮೇಲೆ ಕೂರಿಸಿದರು. ಕಾದ ಕಬ್ಬಿಣ ಸುಡದ ಹಾಗೆ ತಳಕ್ಕೆ ಹಲಗೆ, ಕೊಪ್ಪರಿಗೆಯ ಪಕ್ಕ ಮೈ ತೊಳೆಯಲು ಒಂದು ಮಣೆ, ಬಾಗಿಲಿಗೆ ತೆಂಗಿನ ಗರಿಯ ತಟ್ಟಿ.

ನೀರು? ನಾಲೆಗೆ ನೀರು ನಿಲ್ಲಿಸಿದ್ದರು. ಪಕ್ಕದ ಬಾವಿಯಿಂದಲೇ ಆಗಬೇಕು. ಓರಗಿತ್ತಿ ಹೆರಿಗೆಗೆಂದು ಮಕ್ಕಳನ್ನು ಕರೆದುಕೊಂಡು ತೌರಿಗೆ ಹೋಗಿದ್ದಳು. ಹಾಗಾಗಿ ಬೆಳಗಿನಿಂದ ನಾನೊಬ್ಬಳೇ ಸೇದಿದೆ. ಕೊಪ್ಪರಿಗೆಗೆ ಹೊಟ್ಟೆಯೇ ತುಂಬುವುದಿಲ್ಲ. ಅಂಗೈ ಬೊಬ್ಬೆ ಎದ್ದು, ಒಡೆದು, ಹಗ್ಗ ಹಿಡಿದರೆ ಜೀವ ಹೋದಂತಾಗುತ್ತಿತ್ತು. ಕಬ್ಬಿನ ಸಿಪ್ಪೆ ಹಾಕಿ ಉರಿ ಎಬ್ಬಿಸಿದವಳೂ ನಾನೇ. ಗಂಡಸರು ಮೂವರೂ ಹೊರಗೆ ಬಿಸಿಲಲ್ಲಿ ಕೂತು ತಲೆಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ತಿಕ್ಕುತ್ತಿದ್ದವರು ಅತ್ತೆ.

ನೀರಿನಿಂದ ಹಬೆ ಎದ್ದಿತು. ಕೈ ಅದ್ದಿ ನೋಡಿದೆ. ಹದವಾಗಿತ್ತು. ಒಲೆಯ ಕೆಂಡ ಹೊರಗೆ ಎಳೆದೆ. "ಬನ್ನಿ" ಎಂದು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ತಟ್ಟಿ ಎಳೆದು ಹಗ್ಗ ಬಿಗಿದೆ.

ಹೊಡೆದರೆ ಹೊಡೆಯಲಿ ಎಂದುಕೊಂಡೇ ಇಳಿದೆ. ಆದರೆ ಕ್ರಮ ತಪ್ಪಲಿಲ್ಲ. ಮಣೆಯ ಮೇಲೆ ಕೂತು ಸೀಗೆಪುಡಿ ಹಾಕಿ ಮೈ ಉಜ್ಜಿ, ತೊಳೆದುಕೊಂಡು, ಒಂದು ತುಂಡು ಸೀರೆ ಸುತ್ತಿಕೊಂಡು ಹಲಗೆಯ ಮೇಲೆ ಕೂತೆ. ನೀರು ಎದೆಮಟ್ಟ ಬಂತು. ಒಡೆದ ಅಂಗೈ ಚುರುಗುಟ್ಟಿತು, ಆಮೇಲೆ ಸೊಂಟ ಸಡಿಲವಾಯಿತು, ಆಮೇಲೆ ಹೆಗಲು. ನನಗೆ ಅಳು ಬಂತು. ಖುಷಿಗೆ ಬಂದ ಅಳು ಅದು, ಬೇರೆ ಯಾವುದಕ್ಕೂ ಅಲ್ಲ.

"ಅಮ್ಮೀ, ನೀರು ಕಾದಿಲ್ವಾ?" ಅತ್ತೆಯ ದನಿ.

"ಕಾದದೆ ಅತ್ತೆ. ನಾನು ಕೂತಿದೀನಿ."

"ಏನಂದೆ? ಮಾವ ಎಣ್ಣೆ ಅಚ್ಕಂಡು ಕುಂತವ್ರೆ, ನೀನು ಒಳೀಕೆ ಓಗಿ ಕುಂತಿದ್ದೀಯಾ? ನಾಚ್ಕೆ ಆಗಲ್ವೇನೆ? ಎದ್ ಬಾ ಈಚೆಗೆ!"

"ಬತ್ತೀನಿ. ಸಾಕು ಅನ್ನಿಸ್ದಾಗ ಬತ್ತೀನಿ."

ಅತ್ತೆ ತಟ್ಟಿಗೆ ಗುದ್ದಿದರು, ತೌರಿನವರನ್ನೆಲ್ಲ ಬೈದರು. ನಾನು ಏಳಲಿಲ್ಲ. ಸಾಕು ಅನ್ನಿಸಿದ ಮೇಲೇ ಎದ್ದು, ಒಣಸೀರೆ ಉಟ್ಟು, ಕೂದಲು ಬಿಟ್ಟುಕೊಂಡು ಹೊರಗೆ ಬಂದೆ.

ಮಾವ ನನ್ನ ಮುಖ ನೋಡಲಿಲ್ಲ. "ಎಂಗ್ಸು ಕುಂತ ನೀರಿಗೆ ನಾನು ಇಳೀನಾ? ಚೆಲ್ರಲಾ ಅದ," ಎಂದು ತಮ್ಮ ಇಬ್ಬರು ಗಂಡುಮಕ್ಕಳಿಗೆ ಹೇಳಿದರು.

ನಾನು ಯಜಮಾನರ ಕಡೆ ತಿರುಗಿದೆ. "ನೀವೇ ಯೋಳಿದ್ರಲ್ಲ, ತೊಳ್ಕೊಂಡು ಇಳಿದ್ರೆ ಮೈಲಿಗೆ ಇಲ್ಲ ಅಂತ. ನಾನು ತೊಳ್ಕೊಂಡೇ ಇಳಿದಿದ್ದು. ಇಳೀರಿ ನೋಡನ."

ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ಅದು ಜಪಾನು ಕಣೆ," ಎಂದರು.

ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಪಾಕದ ಕೊಪ್ಪರಿಗೆಯನ್ನು ಇಳಿಸುವಾಗ ಮಾಡುವ ಹಾಗೆ ಅಣ್ಣತಮ್ಮಂದಿರಿಬ್ಬರೂ ಅಂಚಿನ ಕಬ್ಬಿಣದ ಬಳೆಗಳಿಗೆ ಗಳ ತೂರಿಸಿ, ಏದುಸಿರು ಬಿಡುತ್ತ ಮಗುಚಿಯೇಬಿಟ್ಟರು. ನನ್ನ ಬೆಳಗಿನ ದುಡಿಮೆಯೆಲ್ಲ ಬದು ದಾಟಿ ಕಟಾವಾದ ಕಬ್ಬಿನ ಕೂಳೆಗೆ ಹರಿದುಹೋಯಿತು.

"ತುಂಬ್ಸಮ್ಮಿ ಮತ್ತೆ," ಎಂದರು ಮಾವ.

"ನನ್ದು ಆಯ್ತು. ಬೇಕಾದೋರು ಸೇದ್ಕೊಳ್ಳಿ," ಎಂದು ನಾನು ಬಾವಿಕಟ್ಟೆಗೆ ಬೆನ್ನು ಕೊಟ್ಟು ಕೂತು ಕೂದಲು ಒಣಗಿಸಿಕೊಳ್ಳತೊಡಗಿದೆ.

ಭಾವ ಸಿಟ್ಟಿನಿಂದ ಎದ್ದು ಬಿಂದಿಗೆ ಇಳಿಬಿಟ್ಟರು. ಆ ಮನೆಯ ಗಂಡಸರು ಸ್ನಾನಕ್ಕೆ ನೀರು ಸೇದಿದವರೇ ಅಲ್ಲ. ಸೇದಿದ್ದರೆ, ಎಣ್ಣೆ ಹಚ್ಚಿಕೊಂಡ ಕೈಯಿಂದ ಹಗ್ಗ ಹಿಡಿಯಬಾರದು ಎಂಬುದು ಗೊತ್ತಿರುತ್ತಿತ್ತು. ತುಂಬಿದ ಬಿಂದಿಗೆ ಅರ್ಧ ಮೇಲೆ ಬಂದು, ಹಗ್ಗ ಸರ್ರನೆ ಜಾರಿ, ರಾಟೆ ಗಿರ್ರೆಂದು ತಿರುಗಿ, ಹಗ್ಗವೂ ಬಿಂದಿಗೆಯೂ ಒಟ್ಟಿಗೇ ಬಾವಿ ಸೇರಿದವು. ನಾನು ನಕ್ಕೆ. ಜೋರಾಗಿಯೇ ನಕ್ಕೆ.

ಮೂವರೂ ಎಣ್ಣೆ ಸೋರುತ್ತ ನಿಂತಿದ್ದರು. ಬಿಸಿಲಿಗೆ ಎಣ್ಣೆ ಕಣ್ಣಿಗಿಳಿಯುತ್ತಿತ್ತು. ಮನೆಗೆ ಹೋದರೆ ಅಲ್ಲಿಯ ಹಂಡೆಯೂ ಖಾಲಿ, ಬೆಳಗಿನಿಂದ ನಾನು ಇಲ್ಲಿದ್ದೆನಲ್ಲ. ಮಾವ ಪಂಚೆ ಹೆಗಲಿಗೆ ಹಾಕಿಕೊಂಡು ಕೆರೆಯ ದಾರಿ ಹಿಡಿದರು. ಆ ಹೊತ್ತಿನಲ್ಲಿ ಕೆರೆಯಲ್ಲಿ ಊರಿನ ಎಮ್ಮೆಗಳೆಲ್ಲ ಇರುತ್ತಿದ್ದವು. ಭಾವ ಹಿಂದೆಯೇ ಹೋದರು.

ಅತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆ ಎತ್ತುವ ಪಾತಾಳಗರಡಿಯನ್ನೂ ಇನ್ನೊಂದು ಹಗ್ಗವನ್ನೂ ತಂದರು. ಅಷ್ಟು ಹೊತ್ತು ನನ್ನನ್ನು ಬೈದವರು ಈಗ ತಾವೇ ಸೇದಲು ಹೊರಟಿದ್ದರು. ನಾನು ಹೋಗಿ ಅವರ ಕೈ ಹಿಡಿದೆ. ಆ ಅಂಗೈ ನನ್ನದಕ್ಕಿಂತ ಒರಟಾಗಿತ್ತು. ಬೊಬ್ಬೆ ಏಳುವ ಚರ್ಮವೇ ಅಲ್ಲಿ ಉಳಿದಿರಲಿಲ್ಲ.

"ಕೂತ್ಕಳಿ ಅತ್ತೆ," ಎಂದೆ. "ನೀವು ಯಾಕೆ ಸೇದ್ಬೇಕು?"

ಅವರು ನನ್ನ ಒದ್ದೆ ಕೂದಲನ್ನು ನೋಡಿದರು. ಖಾಲಿ ಕೊಪ್ಪರಿಗೆಯನ್ನು ನೋಡಿದರು. ಆಮೇಲೆ ಹಗ್ಗವನ್ನು ನೆಲಕ್ಕೆ ಹಾಕಿ, ನನ್ನ ಜೊತೆ ಬಾವಿಕಟ್ಟೆಗೆ ಒರಗಿ ಕೂತುಬಿಟ್ಟರು.

ಉಳಿದವರು ಯಜಮಾನರೊಬ್ಬರೇ. ಒಲೆಯ ಬೂದಿಯಲ್ಲಿ ಕೈ ಉಜ್ಜಿ ಎಣ್ಣೆ ತೆಗೆದುಕೊಂಡರು. ಪಾತಾಳಗರಡಿ ಇಳಿಬಿಟ್ಟು ಬಿಂದಿಗೆ ಎತ್ತಿದರು. ಸೇದಿದರು, ಹೊತ್ತರು, ಹುಯ್ದರು, ಮತ್ತೆ ಸೇದಿದರು. ಅಂಗೈ ಕೆಂಪಾದಾಗ ನನ್ನ ಕಡೆ ನೋಡಿದರು. ನಾನು ಕೂದಲ ಸಿಕ್ಕು ಬಿಡಿಸುತ್ತಿದ್ದೆ.

ಕೊಪ್ಪರಿಗೆ ಅರ್ಧವಾಗಿ, ಉರಿ ಹತ್ತಿ, ಹಬೆ ಏಳುವಾಗ ಬಿಸಿಲು ಇಳಿದಿತ್ತು. ಅವರು ಮಣೆಯ ಮೇಲೆ ಕೂರಲು ಹೊರಟರು.

"ನಿಂತ್ಕಳ್ಲಾ," ಎಂದರು ಅತ್ತೆ, ಕೂತಲ್ಲಿಂದಲೇ. ಎದ್ದು ಸೆರಗು ಕೊಡವಿಕೊಂಡರು. "ಮೊದ್ಲು ನಾನು ಇಳೀತೀನಿ. ನೀನು ಆಚೆ ಓಗಿ ಕಾಯ್ತಿರು."