ಮಗ ವ್ಯಾನ್ ಕಾಯಲಿ, ಅಪ್ಪ ಬಾಯಿ ಬಿಡಲಿ

ಬೆಳಗಿನ ಆರು ಗಂಟೆ. ಅಮೆರಿಕದ ಪಾರ್ಸಿಪನಿಯ ಚಳಿ ಎಂದರೆ, ಆಕಳಿಸಲು ತೆರೆದ ಬಾಯಿ ಮುಚ್ಚುವಷ್ಟರಲ್ಲಿ ನಾಲಿಗೆಯ ಮೇಲೆ ಐಸ್ ಕಟ್ಟುವಂಥದ್ದು. ಅರವತ್ತೆಂಟರ ಸೇಸಪ್ಪ ವ್ಯಾನಿನ ಗಾಜು ಕೆರೆಯುತ್ತಿದ್ದಾರೆ. ನಮ್ಮ ಕಡೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದು ತರುವುದು ಅವರ ಕೆಲಸ. ದಿನಕ್ಕೆ ಏಳು ಜನ, ನೂರಿಪ್ಪತ್ತು ಮೈಲಿ. ಹನ್ನೊಂದು ವರ್ಷದಿಂದ ಇದೇ ಓಟ. ಪತ್ರಿಕೆಗೆ ಬರೆಯಲೆಂದು ಇಂದು ನಾನೂ ಜೊತೆಗಿದ್ದೇನೆ.

ಇಂದಿನ ಮೊದಲ ಸವಾರಿ ಬೋರಲಿಂಗಯ್ಯ, ಜೊತೆಗೆ ಮಗ ನವನೀತ್. ಅಪ್ಪನಿಗೆ ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಕಟ್ಟುತ್ತದೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಅವರು ಮೂರು ವಾರದಿಂದ ಗುಟ್ಟಾಗಿ ಸಿಂಕಿಗೆ ಹಾಕುತ್ತಿದ್ದಾರೆ. ಹೀಗೇ ಬಿಟ್ಟರೆ ಮೂತ್ರ ಪೂರ್ತಿ ನಿಂತು ಕೊಳವೆ ಹಾಕಿಸಿಕೊಳ್ಳುವ ಗತಿ. ಇದು ಗೊತ್ತಿರುವುದು ಸೇಸಪ್ಪನಿಗೆ ಮಾತ್ರ.

"ಆ ಮಾತ್ರೆ ತಗೊಂಡ್ರೆ ಹೆಂಡ್ತಿ ದೇವಮ್ಮನ ಹತ್ರ ಹೋದಾಗ ಏನೂ ಬರಲ್ಲ ಕಣಪ್ಪಾ. ಗಂಡಸ್ತನನೇ ಹೋಯ್ತು. ಮಗನ ಮುಂದೆ ಹೆಂಗೆ ಹೇಳ್ಲಿ?" ಎಂದು ಹೋದ ವಾರ ಒಬ್ಬರೇ ಬಂದಾಗ ಅತ್ತಿದ್ದರು.

ಸೇಸಪ್ಪನಿಗೂ ಹಿಂದೊಮ್ಮೆ ಅಂಥದೇ ಪಾಡಾಗಿತ್ತು. ವ್ಯಾನಿಗೆ ಬರುವ ಮೊದಲು, ಫ್ಲೋರಲ್ ಪಾರ್ಕ್ ಎಂಬ ಊರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಕಾಲ ಅದು. ಬೋರಲಿಂಗಯ್ಯನಿಗೂ ಅಂದೇ ಅದನ್ನು ಹೇಳಿದ್ದರು: "ನಂದು ಬೇರೆ ಮಾತ್ರೆ. ಆಸೆಯೇ ಸತ್ತೋಯ್ತು ಮಾರಾಯ್ರೆ! ಡಾಕ್ಟರು ಕೇಳಿದ್ದನ್ನು ಕನ್ನಡದಲ್ಲಿ ಹೇಳುವವಳು ಮಗಳು. ಅವಳ ಎದುರು ಎಂತ ಹೇಳುವುದು? ಎರಡು ವರ್ಷ 'ಆಲ್ ಗುಡ್' ಅಂದೆ. ನನಗೆ ತನ್ನ ಮೇಲೆ ಬೇಸರ ಬಂದಿದೆ ಅಂತ ಹೆಂಡತಿ ಗುಲಾಬಿ ಗೋಡೆ ಕಡೆ ತಿರುಗಿ ಮಲಗಿದಳು."

ಕ್ಲಿನಿಕ್ ಬಂತು. "ನವನೀತ್, ಇಲ್ಲಿ ಗಾಡಿ ಟೋ ಮಾಡ್ತಾರೆ. ನೀನು ವ್ಯಾನಿನಲ್ಲೇ ಕೂತಿರು ಮಾರಾಯ." ಶುದ್ಧ ಸುಳ್ಳು. "ಇಷ್ಟರವರೆಗೆ ನಲವತ್ತು ಮಕ್ಕಳು ಹೀಗೇ ಈ ಡಬ್ಬ ವ್ಯಾನು ಕಾದಿದ್ದಾರೆ. ಇಷ್ಟು ಕಾವಲು ಶ್ವೇತಭವನಕ್ಕೂ ಇಲ್ಲ" ಎಂದು ಇತ್ತ ಬಂದು ನನಗೆ ಕಣ್ಣು ಮಿಟುಕಿಸುತ್ತಾರೆ. ಕೌಂಟರಿನಲ್ಲಿ ಹೋಟೆಲ್ ಇಂಗ್ಲಿಷಿನಲ್ಲೇ ಕೇಳಿ, ಫೋನಿನಲ್ಲಿ ಮಾತಾಡುವ ಕನ್ನಡದ ದುಭಾಷಿ ಗೊತ್ತುಮಾಡುತ್ತಾರೆ.

ಬಾಗಿಲಲ್ಲಿ ಬೋರಲಿಂಗಯ್ಯ ಅಳುಕುತ್ತಾರೆ. "ನೀನೂ ಬಾರಪ್ಪ."

"ನಾನೆಂತಕ್ಕೆ? ಕಷ್ಟ ನಿಮ್ಮದು, ಬಾಯಿಯೂ ನಿಮ್ಮದೇ ಉಂಟಲ್ಲ."

ಅರ್ಧ ಗಂಟೆಯ ನಂತರ ಬೋರಲಿಂಗಯ್ಯ ಹೊರಬಂದ ನಡಿಗೆ ನೋಡಿದರೆ ಹತ್ತು ವರ್ಷ ಒಳಗೇ ಬಿಟ್ಟು ಬಂದಂತಿದೆ.

"ಗಂಡಸ್ತನ ಎಲ್ಲೂ ಹೋಗಿಲ್ವಂತೆ! ಆ ಮಾತ್ರೆಗೆ ವೀರ್ಯ ಕಡಿಮೆ ಬರತ್ತೆ, ಇಲ್ಲಾ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗತ್ತಂತೆ. ಅಪಾಯ ಇಲ್ವಂತೆ. ಬೇರೆ ಮಾತ್ರೆ ಬರ್ಕೊಟ್ರು. ಕೆಲವು ಆಪರೇಷನ್ನಲ್ಲೂ ಹಿಂಗಾಗತ್ತೆ, ಆಮೇಲೆ ಸರಿಹೋಗೋದು ಕಷ್ಟ, ಮೊದಲೇ ಕೇಳಿ ಅಂದ್ರು."

ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕಬಹುದೇ ಎಂದರೆ, "ದಪ್ಪಕ್ಷರದಲ್ಲೇ ಹಾಕಿ. ನನ್ನಂಥೋನು ಇನ್ನೊಬ್ಬ ಇರ್ತಾನೆ" ಎನ್ನುತ್ತಾರೆ.

ನಿಮಗೇನು ಬೇಕು ಸೇಸಪ್ಪಣ್ಣ? ಅವರು ಮುಂದಿನ ಸವಾರಿಗೆ ಸೀಟು ಒರೆಸುತ್ತಾರೆ.

"ನನಗೆಂತ ಬೇಡ. ಡಾಕ್ಟರು ಈ ವಿಷಯ ಕೇಳುವಾಗ ಮಕ್ಕಳು ಐದು ನಿಮಿಷ ತಾವಾಗಿ ಎದ್ದು ಹೊರಗೆ ಹೋದರೆ ಸಾಕು. ಆ ಐದು ನಿಮಿಷ ಸಿಗದೆ, ನನ್ನದೂ ಗುಲಾಬಿಯದೂ ಎರಡು ವರ್ಷ ಹೋಯ್ತು."