ಎಲ್ಲಿಗೆ ಹೋಗ್ತೀಯೇ ನನ್ನವ್ವ

ಆಗೆಲ್ಲ ನಮ್ಮ ಕಡೆ ಮಕ್ಕಳಲ್ಲಿ ಎರಡೇ ಬಗೆ: ಓದುವವು, ಓದದವು. ಐದನೇ ಕ್ಲಾಸಿನಲ್ಲಿದ್ದ ನಾನು ಯಾವುದಕ್ಕೆ ಸೇರಿದವಳೆಂದು ಯಾರಿಗೂ ತಿಳಿಯಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಶೇಂಗಾ ಕೀಳುವ ಕಾಲ. ಹಸಿ ಕಾಯಿ ಸುಡುವ ಹೊಗೆ ಶಾಲೆಯೊಳಕ್ಕೆ ಬರುತ್ತಿತ್ತು. ಮೇಷ್ಟ್ರು ಭಾಗಾಕಾರ ಹೇಳುತ್ತಿದ್ದರೆ ನಾನು ಅದು ಯಾರ ಹೊಲದ ಹೊಗೆಯೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಲ್ಲಿ ಓತಿಕ್ಯಾತ, ಅಷ್ಟರಲ್ಲಿ ಬೆನ್ನಿಗೆ ಗುದ್ದು. ಮೇಷ್ಟ್ರು ಎಷ್ಟೋ ಸಲ ಕರೆದಿದ್ದರಂತೆ. ದೇವರಾಣೆ, ನನಗೆ ಕೇಳಿಸಿರಲಿಲ್ಲ.

"ಇವಳಿಗೆ ಕಿವಿ ಕೇಳ್ಸಲ್ಲ ಕಣಪ್ಪ. ಡಾಕ್ಟ್ರಿಗೆ ತೋರ್ಸು. ಹಿಂಗೇ ಆದ್ರೆ ಯುಗಾದಿ ಆದ್ಮೇಲೆ ಕಳಿಸ್ಬೇಡ," ಎಂದು ಅವರು ಅಪ್ಪನಿಗೆ ಹೇಳಿದರು.

ಚಳ್ಳಕೆರೆಯ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಕಿವಿ ಚೆನ್ನಾಗೈತೆ," ಎಂದರು. ಅಪ್ಪನ ಮುಖ ಸಪ್ಪಗಾಯಿತು. ಕಿವುಡಾಗಿದ್ದರೆ ಔಷಧಿಯಾದರೂ ಸಿಗುತ್ತಿತ್ತಲ್ಲ ಎಂದು ನನಗೂ ಬೇಜಾರಾಯಿತು. ಮನೆಗೆ ಬಂದರೆ ಅವ್ವ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು, ಅಷ್ಟೇ.

ವರವು ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪನಿಗೆ ತನ್ನದೇ ಮದ್ದು ಗೊತ್ತಿತ್ತು. ಹಿಂಡು ಬಿಟ್ಟು ಹೋಗುವ ಮರಿಗೆ ಕಟ್ಟುವ ಗಂಟೆಯನ್ನು ಉಣ್ಣೆ ದಾರದಲ್ಲಿ ನನ್ನ ಕೈಗೆ ಕಟ್ಟಿದ. "ಇದು ಅಲ್ಲಾಡ್ತು ಅಂದ್ರೆ ನಿನ್ ಮನಸು ಎದ್ದು ಹೊಂಟೈತೆ ಅಂತ ತಿಳ್ಕ."

ಮರುದಿನ ಕ್ಲಾಸಿನಲ್ಲಿ ಇಡೀ ಹೊತ್ತು ಗಮನವಿಟ್ಟು ಕೇಳಿದೆ, ಗಂಟೆಯನ್ನು! ಕೈ ಹೀಗಾಡಿಸಿದರೆ ಒಂದು ಸದ್ದು, ಹಾಗಾಡಿಸಿದರೆ ಇನ್ನೊಂದು. ಹುಡುಗರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಅದನ್ನು ಕಿತ್ತು, ಅಪ್ಪನನ್ನು ಕರೆಸಿ ಅವನ ಕೈಗೇ ಕೊಟ್ಟರು.

ಆ ಸಂಜೆ ಅಪ್ಪ ಬೈಯಲಿಲ್ಲ. "ಕಿವಿ ಐತೆ, ಕಣ್ಣೈತೆ, ಬುದ್ಧೀನೂ ಐತೆ. ಮತ್ತೆ ಎಲ್ಲಿಗೆ ಹೋಗ್ತೀಯೇ ನನ್ನವ್ವ?" ಎಂದ. ಎಲ್ಲಿಗೆಂದು ನನಗೇ ಗೊತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ನಾನು ಮತ್ತೆ ಶಾಲೆಗೆ ಹೋಗಲಿಲ್ಲ.

ಈಗ ನನ್ನ ಮಗಳೂ ಹಾಗೆಯೇ. ಆದರೆ ಅವಳನ್ನು ನೋಡಿದ ಡಾಕ್ಟರು ಅವಳ ಜೊತೆ ತುಂಬಾ ಹೊತ್ತು ಮಾತಾಡಿ, "ಇದು ಗಮನ ನಿಲ್ಲದ ತೊಂದ್ರೆ ಅಮ್ಮ, ಮಗು ಬೇಕಂತ ಮಾಡೋದಲ್ಲ," ಎಂದರು. ಮಾತ್ರೆ ಕೊಟ್ಟರು. ಟೀಚರು ಅವಳನ್ನು ಮುಂದೆ ಕೂರಿಸಿ ಪಾಠವನ್ನು ತುಂಡು ತುಂಡು ಮಾಡಿ ಹೇಳಿಕೊಡುತ್ತಾರೆ. ಯಾರ ಮೇಲೆ ಸಿಟ್ಟಾಗಲಿ? ಮೇಷ್ಟ್ರು ಕೆಟ್ಟವರಲ್ಲ. ಅಪ್ಪ ಈಗಿಲ್ಲ.

ಮಗಳು ಲೆಕ್ಕ ಮುಗಿಸಿ ತೋರಿಸಲು ಬಂದರೆ ಸಂತೋಷವಾಗುತ್ತದೆ. ಹೆತ್ತವಳು ಹೇಳಬಾರದು, ಹೊಟ್ಟೆಕಿಚ್ಚೂ ಆಗುತ್ತದೆ. ಬರುವ ಜೂನಿಗೆ ಅವಳು ಆರನೇ ಕ್ಲಾಸು. ಅಲ್ಲಿಂದಾಚೆಗೆ ಅವಳ ಲೆಕ್ಕ ಸರಿಯೋ ತಪ್ಪೋ ನನಗೆ ತಿಳಿಯುವುದಿಲ್ಲ.